ಉಂಡ ಮನೆಯ ಜಂತೆ

ನರ್ಸುಗಳೋ ಅಂಚೆ ನೌಕರರೋ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ದಿನದ ಕೆಲಸ ಮುಗಿಸಿದರು ಎಂಬ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ನಾಲ್ಕು ಸಾಲಿನಲ್ಲಿ ಬಂದು ಹೋಗುತ್ತದೆ. ಕೆಲಸ ನಿಂತಿರುವುದಿಲ್ಲ, ಸಾರ್ವಜನಿಕರಿಗೆ ತೊಂದರೆಯಾಗಿರುವುದಿಲ್ಲ. ಹಾಗಾಗಿ ಅದನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಆದರೆ ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದ ಮೇಲೆ, 1957ರಲ್ಲಿ, ಈ ಗೇಣುದ್ದದ ಬಟ್ಟೆಯನ್ನು ದುರ್ನಡತೆಯೆಂದು ಕರೆಯಬಲ್ಲ ನಿಯಮವೊಂದು ಸರ್ಕಾರಿ ಕಚೇರಿಗಳಿಗೆ ಬಂತು. ಅದು ಐದು ವರ್ಷ ಬಾಳಿತು. ಅದನ್ನು ಕೆಳಗಿಳಿಸಿದವರು ಬಿಹಾರದ ಕೆಲವು ನೌಕರರು ಮತ್ತು ಮುಂಬಯಿಯ ಅಕೌಂಟೆಂಟ್ ಜನರಲ್ ಕಚೇರಿಯ ಒಬ್ಬ ನೌಕರ. ಸಂಬಳಕ್ಕೆ ದುಡಿಯುವವನು ಬಾಯಿ ಬಿಡಬಹುದೇ, ಬಿಟ್ಟರೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಈ ದೇಶ ಕೊಟ್ಟ ಉತ್ತರಗಳಲ್ಲಿ ಅತ್ಯಂತ ವಿವೇಕದ್ದು ಆ ಎರಡು ಪ್ರಕರಣಗಳಲ್ಲಿದೆ. ಆಮೇಲಿನ ಉತ್ತರಗಳು ಅಷ್ಟು ಚೆನ್ನಾಗಿಲ್ಲ.

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ ಕನ್ನಡದಲ್ಲಿ. ಅನ್ನ ಹಾಕಿದವರ ಮನೆಯ ಕುಂದುಕೊರತೆ ಲೆಕ್ಕ ಹಾಕುವುದು ಕೃತಘ್ನತೆ ಎಂಬುದು ಅದರ ಭಾವ. ನೆಂಟರ ಮನೆಗೆ ಇದು ಒಳ್ಳೆಯ ಮಾತು. ಕಚೇರಿಗೆ ಹೊಂದುತ್ತದೆಯೇ? ಅಲ್ಲಿ ಉಣ್ಣುವವನು ಅತಿಥಿಯಲ್ಲ, ದುಡಿದು ಉಣ್ಣುವವನು. ಸರ್ಕಾರಿ ಕಚೇರಿಯಾದರೆ ಆ ಮನೆ ಮೇಲಧಿಕಾರಿಯದೂ ಅಲ್ಲ. ಆದರೂ ಕಾನೂನು ಬಹಳ ಕಾಲ ಈ ಗಾದೆಯನ್ನೇ ಬೇರೆ ಬೇರೆ ಭಾಷೆಗಳಲ್ಲಿ ಹೇಳುತ್ತ ಬಂತು.

ಅದನ್ನು ಅತ್ಯಂತ ಚುರುಕಾಗಿ ಹೇಳಿದವರು ಅಮೆರಿಕದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್. 1892ರ ಮಾತು. ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್ ಎಂಬ ಊರಿನಲ್ಲಿ ರಾಜಕೀಯ ಚಟುವಟಿಕೆಯಲ್ಲಿ ತೊಡಗಿದ್ದಕ್ಕೆ ಒಬ್ಬ ಪೊಲೀಸನನ್ನು ಅಲ್ಲಿಯ ಮೇಯರ್ ಕೆಲಸದಿಂದ ತೆಗೆದರು. ಪೊಲೀಸ ಕೋರ್ಟಿಗೆ ಹೋದ. ಆಗಿನ್ನೂ ರಾಜ್ಯದ ಉಚ್ಚ ನ್ಯಾಯಾಲಯದಲ್ಲಿದ್ದ ಹೋಮ್ಸ್ ಒಂದೇ ವಾಕ್ಯದಲ್ಲಿ ಅವನನ್ನು ಮನೆಗೆ ಕಳಿಸಿದರು: ರಾಜಕೀಯ ಮಾತಾಡುವ ಹಕ್ಕು ನಿನಗಿರಬಹುದು, ಪೊಲೀಸನಾಗಿರುವ ಹಕ್ಕು ನಿನಗಿಲ್ಲ ಎಂಬರ್ಥದ ವಾಕ್ಯ. ಮಾತು ಬೇಕಾದರೆ ಕೆಲಸ ಬಿಡು, ಕೆಲಸ ಬೇಕಾದರೆ ಬಾಯಿ ಮುಚ್ಚು. ಹೇಳಿದ ಚೆಂದಕ್ಕೆ ಈ ವಾಕ್ಯ ದೇಶ ದೇಶ ಸುತ್ತಿತು. ಒಳ್ಳೆಯ ಬರಹಗಾರ ನ್ಯಾಯಮೂರ್ತಿಯಾದರೆ ಇದೊಂದು ಅಪಾಯ; ವಾಕ್ಯದ ಹೊಳಪಿನಲ್ಲಿ ತರ್ಕದ ತೂತು ಕಾಣುವುದಿಲ್ಲ. ಹೊಟ್ಟೆಪಾಡನ್ನು ಒತ್ತೆಯಿಟ್ಟು ಚಲಾಯಿಸಬೇಕಾದ ಹಕ್ಕು ಎಷ್ಟರ ಮಟ್ಟಿಗೆ ಹಕ್ಕು ಎಂದು ಹೋಮ್ಸ್ ಕೇಳಿಕೊಳ್ಳಲಿಲ್ಲ.

ಭಾರತದಲ್ಲಿ ಈ ತರ್ಕಕ್ಕೆ ಅಮೆರಿಕದ ನೆರವೇನೂ ಬೇಕಿರಲಿಲ್ಲ. ಬ್ರಿಟಿಷ್ ರಾಜನ ಮರ್ಜಿ ಇರುವವರೆಗೆ ಮಾತ್ರ ನೌಕರಿ ಎಂಬುದು ಇಲ್ಲಿಯ ಹಳೆಯ ಕಟ್ಟಳೆ. ಸಂವಿಧಾನದ 310ನೇ ವಿಧಿಯಲ್ಲಿ ರಾಜನ ಜಾಗಕ್ಕೆ ರಾಷ್ಟ್ರಪತಿ, ರಾಜ್ಯಪಾಲರು ಬಂದರು, ಮರ್ಜಿ ಹಾಗೇ ಉಳಿಯಿತು. ಅದರ ಪಕ್ಕದ 311ನೇ ವಿಧಿ ವಿಚಾರಣೆಯಿಲ್ಲದೆ ವಜಾ ಮಾಡದಂತೆ ಒಂದಿಷ್ಟು ಕಾವಲು ಹಾಕಿತು. 1889ರಲ್ಲಿ ಬಂದು 1923ರಲ್ಲಿ ಈಗಿನ ರೂಪ ಪಡೆದ ಅಧಿಕೃತ ರಹಸ್ಯಗಳ ಕಾಯ್ದೆಯೂ ಹಾಗೇ ಉಳಿಯಿತು. ನೌಕರನ ಮೇಲಿನ ಈ ಅಪನಂಬಿಕೆಗೆ ವಸಾಹತು ಸರ್ಕಾರಕ್ಕೆ ಕಾರಣವಿತ್ತು: ತನ್ನ ಕಚೇರಿಯ ಗುಮಾಸ್ತ ಸಂಜೆ ಯಾವ ಸಭೆಗೆ ಹೋಗುತ್ತಾನೋ ಎಂಬ ಭಯ. ಸ್ವತಂತ್ರ ಸರ್ಕಾರ ಆ ಭಯವನ್ನೂ ಕಡತಗಳ ಜೊತೆ ಪಡೆದುಕೊಂಡಿತು.

1949ರಲ್ಲಿ ರೈಲ್ವೆಗಾಗಿ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಪ್ರತ್ಯೇಕ ನಿಯಮಗಳೇ ಬಂದವು. ಅವುಗಳ ಅಡಿಯಲ್ಲಿ ಕಮ್ಯುನಿಸ್ಟರೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ಬೆಂಗಾಲ್ ನಾಗಪುರ ರೈಲ್ವೆಯ ನೌಕರರು ಸುಪ್ರೀಂ ಕೋರ್ಟಿನ ತನಕ ಹೋದರು. 1958ರಲ್ಲಿ, ಬಾಲಕೋಟಯ್ಯ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ, ಅವರಿಗೆ ಸಿಕ್ಕ ಉತ್ತರ ಹೋಮ್ಸ್ ಮಾತಿನ ತದ್ರೂಪು: ನೀವು ಕಮ್ಯುನಿಸ್ಟರಾಗಿಯೇ ಇರಬಹುದು, ಯಾರೂ ತಡೆದಿಲ್ಲ, ಆದರೆ ಸರ್ಕಾರಿ ಕೆಲಸದಲ್ಲಿ ಮುಂದುವರಿಯುವ ಮೂಲಭೂತ ಹಕ್ಕು ನಿಮಗಿಲ್ಲ. ತೀರ್ಪು ಬರೆದವರು ಟಿ. ಎಲ್. ವೆಂಕಟರಾಮ ಅಯ್ಯರ್. ಚೆನ್ನೈನ ಸಂಗೀತರಸಿಕರಿಗೆ ಅವರು ಬೇರೆಯದೇ ಕಾರಣಕ್ಕೆ ಗೊತ್ತು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳ ದೊಡ್ಡ ವಿದ್ವಾಂಸರು.

ಇದಕ್ಕೆ ಒಂದು ವರ್ಷ ಮುಂಚೆ, 1957ರಲ್ಲಿ, ಬಿಹಾರ ಸರ್ಕಾರ ತನ್ನ ನೌಕರರ ನಡತೆ ನಿಯಮಗಳಿಗೆ 4-ಎ ಎಂಬ ಹೊಸ ನಿಯಮ ಸೇರಿಸಿತ್ತು. ತನ್ನ ಸೇವಾ ಷರತ್ತುಗಳಿಗೆ ಸಂಬಂಧಿಸಿದ ಯಾವ ವಿಷಯದಲ್ಲೂ ಯಾವ ನೌಕರನೂ ಯಾವುದೇ ಪ್ರದರ್ಶನದಲ್ಲಿ ಭಾಗವಹಿಸಕೂಡದು, ಯಾವ ರೂಪದ ಮುಷ್ಕರವನ್ನೂ ಹೂಡಕೂಡದು ಎಂಬುದು ಅದರ ಸಾರ. ಕೇಂದ್ರ ಸರ್ಕಾರವೂ ತನ್ನ ನಿಯಮಗಳಲ್ಲಿ ಇಂಥದ್ದೇ ಸಾಲು ಬರೆದುಕೊಂಡಿತ್ತು. 'ಯಾವ', 'ಯಾವುದೇ' ಎಂಬ ಪದಗಳು ಎಷ್ಟು ಸಲ ಬಂದಿವೆ ನೋಡಿ. ಕಲ್ಲು ತೂರುವ ಗುಂಪೂ ಪ್ರದರ್ಶನವೇ, ಊಟದ ವೇಳೆಯಲ್ಲಿ ಅಂಗಳದಲ್ಲಿ ಸುಮ್ಮನೆ ನಿಲ್ಲುವುದೂ ಪ್ರದರ್ಶನವೇ. ಅರ್ಜಿ ಬರೆದು ಮೇಜಿನ ಮೇಲಿಟ್ಟು ಕಾಯುವುದಷ್ಟೇ ಉಳಿದ ದಾರಿ.

ಬಿಹಾರದ ನೌಕರರು ಪಟ್ನಾ ಹೈಕೋರ್ಟಿಗೆ ಹೋಗಿ ಸೋತರು, ಸುಪ್ರೀಂ ಕೋರ್ಟಿಗೆ ಹೋದರು. ಕಾಮೇಶ್ವರ ಪ್ರಸಾದ್ ಪ್ರಕರಣ ಎಂದು ಹೆಸರಾದ ಈ ಮೊಕದ್ದಮೆಯ ತೀರ್ಪು 1962ರ ಫೆಬ್ರುವರಿ 22ರಂದು ಬಂತು. ಬರೆದವರು ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್. ಅದರಲ್ಲಿ ಸಂವಿಧಾನದ ಗಹನ ಚರ್ಚೆಗಿಂತ ಹೆಚ್ಚಾಗಿ ಕಾಣುವುದು ಮನೆಯ ಹಿರಿಯರೊಬ್ಬರು ಜಗಳ ಬಿಡಿಸುವ ರೀತಿ.

ಸರ್ಕಾರದ ಮೊದಲ ವಾದ, ನೌಕರಿಗೆ ಸೇರುವವನು ಒಪ್ಪಿಯೇ ಸೇರುತ್ತಾನೆ, ಒಪ್ಪಿದ ಮೇಲೆ ಹಕ್ಕು ಕೇಳಬಾರದು ಎಂಬುದು. ಅಯ್ಯಂಗಾರ್ ಇದಕ್ಕೆ ಉತ್ತರವನ್ನು ಸಂವಿಧಾನದ 33ನೇ ವಿಧಿಯಲ್ಲಿ ಹುಡುಕಿದರು. ಸೈನ್ಯದವರ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯುವ ಪಡೆಗಳವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡಬಹುದು ಎನ್ನುತ್ತದೆ ಆ ವಿಧಿ. ಸರ್ಕಾರದ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಎಲ್ಲರ ಹಕ್ಕೂ ಹೋಗುವುದಾಗಿದ್ದರೆ ಇವರಿಗೆಂದೇ ಬೇರೆ ವಿಧಿ ಯಾಕೆ ಬೇಕಿತ್ತು? ಸಿಪಾಯಿಯ ಹಕ್ಕು ಕಡಿಮೆ ಮಾಡಲು ಪ್ರತ್ಯೇಕ ಅನುಮತಿ ಬೇಕಾಯಿತು ಎಂದರೆ ಗುಮಾಸ್ತನ ಹಕ್ಕು ಪೂರ್ತಿಯಾಗಿದೆ ಎಂದೇ ಅರ್ಥ. ಹೋಮ್ಸರ ವಾಕ್ಯಕ್ಕೂ ಇಲ್ಲಿ ಎಡೆಯಿರಲಿಲ್ಲ.

ಎರಡನೆಯ ವಾದ ಶಿಸ್ತಿನದು. ಮಾತಿನ ಸ್ವಾತಂತ್ರ್ಯದ ಮೇಲೆ ಸರ್ಕಾರ ಯಾವ ಯಾವ ಕಾರಣಕ್ಕೆ ಮಿತಿ ಹಾಕಬಹುದು ಎಂದು 19ನೇ ವಿಧಿಯ ಎರಡನೇ ಖಂಡ ಪಟ್ಟಿ ಮಾಡಿದೆ: ರಾಷ್ಟ್ರದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ ಹೀಗೆ. ಕಚೇರಿಯ ಶಿಸ್ತು, ಇಲಾಖೆಯ ದಕ್ಷತೆ ಎಂಬ ಮಾತು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಸರ್ಕಾರ ಒಂದು ಸರಪಳಿ ಹೆಣೆಯಿತು: ನೌಕರ ಪ್ರದರ್ಶನ ಮಾಡಿದರೆ ಶಿಸ್ತು ಕೆಡುತ್ತದೆ, ಶಿಸ್ತು ಕೆಟ್ಟರೆ ಆಡಳಿತ ಕೆಡುತ್ತದೆ, ಆಡಳಿತ ಕೆಟ್ಟರೆ ಸಾರ್ವಜನಿಕ ಸುವ್ಯವಸ್ಥೆ ಕೆಡುತ್ತದೆ. ಇಂಥ ದೂರದ ನಂಟು ನಡೆಯದು, ಮಾತಿಗೂ ಗಲಭೆಗೂ ಹತ್ತಿರದ ಸಂಬಂಧವಿರಬೇಕು ಎಂದು ಸುಪ್ರೀಂ ಕೋರ್ಟು ಎರಡು ವರ್ಷ ಮುಂಚೆಯೇ ಹೇಳಿತ್ತು. ಅದು ರಾಮಮನೋಹರ ಲೋಹಿಯಾ ಅವರ ಪ್ರಕರಣ. ಉತ್ತರ ಪ್ರದೇಶದ ರೈತರಿಗೆ ಹೆಚ್ಚಿಸಿದ ನೀರಾವರಿ ಕರ ಕೊಡಬೇಡಿ ಎಂದು ಭಾಷಣ ಮಾಡಿದ್ದಕ್ಕೆ ಅವರನ್ನು ಬಂಧಿಸಲಾಗಿತ್ತು.

ಬ್ಯಾಡ್ಜಿನ ಮಾತು ಬರುವುದು ಇಲ್ಲಿ. ಪ್ರದರ್ಶನವೆಂದರೆ ಒಬ್ಬನ ಅಥವಾ ಒಂದು ಗುಂಪಿನ ಭಾವನೆಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು, ಮಾತಿನ ಇನ್ನೊಂದು ರೂಪ ಎಂದರು ಅಯ್ಯಂಗಾರ್. ಕಲ್ಲು ತೂರಾಟವೂ ಪ್ರದರ್ಶನವೇ ಹೌದು, ಅದಕ್ಕೆ ರಕ್ಷಣೆಯಿಲ್ಲ. ಆದರೆ ತಮ್ಮ ಅಹವಾಲಿನ ಕಡೆ ಗಮನ ಸೆಳೆಯಲು ನೌಕರರು ಒಂದು ಬ್ಯಾಡ್ಜು ಧರಿಸಿ ಓಡಾಡುವುದೂ ಪ್ರದರ್ಶನವೇ. ನಿಯಮ 4-ಎ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ. ಹಾಗಾಗಿ ಪ್ರದರ್ಶನವನ್ನು ನಿಷೇಧಿಸುವಷ್ಟರ ಮಟ್ಟಿಗೆ ಅದು ಅಸಿಂಧು. ಮುಷ್ಕರದ ನಿಷೇಧ ಉಳಿಯಿತು. ಕೆಲಸ ನಿಲ್ಲಿಸುವುದು ಬೇರೆ, ಕೆಲಸ ಮಾಡುತ್ತಲೇ ನನಗೆ ಸಂಕಟವಿದೆ ಎಂದು ತೋರಿಸುವುದು ಬೇರೆ. ಸಾಮಾನ್ಯ ಬುದ್ಧಿಗೆ ತಕ್ಷಣ ಹೊಳೆಯುವ ಈ ವ್ಯತ್ಯಾಸವನ್ನು ಬರೆದಿಡಲು ಐದು ವರ್ಷದ ಮೊಕದ್ದಮೆ ಬೇಕಾಯಿತು.

ತೀರ್ಪು ನೌಕರರಿಗೆ ಎಲ್ಲವನ್ನೂ ಕೊಡಲಿಲ್ಲ ಎಂಬುದೇ ಅದರ ವಿವೇಕ. ಕೆಲಸದ ಸ್ವರೂಪದಿಂದಲೇ ಹುಟ್ಟುವ ಮೌನಗಳಿವೆ ಎಂದು ಅದು ಒಪ್ಪಿತು. ಮತ ಎಣಿಸುವವನು ಯಾರು ಯಾರಿಗೆ ಹಾಕಿದರು ಎಂದು ಹೇಳುವಂತಿಲ್ಲ; ತೆರಿಗೆ ಇಲಾಖೆಯವನು ತೆರಿಗೆದಾರರ ಲೆಕ್ಕವನ್ನು ಬೀದಿಗೆ ತರುವಂತಿಲ್ಲ. ಇವು ನೌಕರನ ಬಾಯಿ ಮುಚ್ಚಿಸುವ ನಿಯಮಗಳಲ್ಲ, ಬೇರೆಯವರ ಗುಟ್ಟು ಕಾಯುವ ನಿಯಮಗಳು. ಅಮೆರಿಕದಲ್ಲಿ ಇಂಥ ತೂಗುವಿಕೆ ಸ್ಪಷ್ಟ ರೂಪ ಪಡೆದದ್ದು ಇದಕ್ಕೂ ಆರು ವರ್ಷ ತಡವಾಗಿ. ಇಲಿನಾಯ್ ರಾಜ್ಯದ ಶಾಲಾ ಶಿಕ್ಷಕನೊಬ್ಬ ತನ್ನ ಶಾಲಾ ಮಂಡಳಿ ಹಣ ಖರ್ಚು ಮಾಡುವ ರೀತಿಯನ್ನು ಟೀಕಿಸಿ ಸ್ಥಳೀಯ ಪತ್ರಿಕೆಗೆ ಪತ್ರ ಬರೆದ. ಪತ್ರದಲ್ಲಿ ಒಂದಿಷ್ಟು ತಪ್ಪುಗಳೂ ಇದ್ದವು. ಅವನನ್ನು ತೆಗೆದದ್ದು ಸರಿಯಲ್ಲ ಎಂದು 1968ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿತು. ಪಿಕರಿಂಗ್ ಪ್ರಕರಣವೆಂದು ಅದು ಪ್ರಸಿದ್ಧ.

ಬಿಹಾರದ ತೀರ್ಪು ಬಂದ ವರ್ಷವೇ ಮುಂಬಯಿಯ ಪ್ರಕರಣವೂ ದೆಹಲಿ ತಲುಪಿತ್ತು. ಅದರ ಹಿನ್ನೆಲೆ 1960ರ ಜುಲೈನ ಮುಷ್ಕರ. ಎರಡನೇ ವೇತನ ಆಯೋಗ ಕನಿಷ್ಠ ಸಂಬಳವನ್ನು 80 ರೂಪಾಯಿಗೆ ನಿಲ್ಲಿಸಿತ್ತು. ತುಟ್ಟಿಭತ್ಯೆಯ ಬೇಡಿಕೆಯಿಟ್ಟು ಕೇಂದ್ರ ಸರ್ಕಾರದ ನೌಕರರು, ಅಂಚೆ, ರೈಲ್ವೆ, ಲೆಕ್ಕಪತ್ರ ಎಲ್ಲ ಸೇರಿ, ದೇಶದಾದ್ಯಂತ ಕೆಲಸ ನಿಲ್ಲಿಸಿದರು. ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಐದು ದಿನಕ್ಕೆ ಮುಷ್ಕರ ಮುರಿಯಿತು. ಆಮೇಲೆ ಶುರುವಾದದ್ದು ಮೆಮೋಗಳ ಮಳೆ.

ಇ. ಎಕ್ಸ್. ಜೋಸೆಫ್ ಮುಂಬಯಿಯ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿದ್ದವರು, ನೌಕರರ ಸಂಘದ ಕಾರ್ಯದರ್ಶಿ. ಅವರ ಸಂಘ ಸೇರಿಕೊಂಡಿದ್ದ ಅಖಿಲ ಭಾರತ ಸಂಘಕ್ಕೆ ಸರ್ಕಾರ 1956ರಲ್ಲಿ ಮಾನ್ಯತೆ ಕೊಟ್ಟು 1959ರಲ್ಲಿ ಹಿಂದಕ್ಕೆ ಪಡೆದಿತ್ತು. ಮಾನ್ಯತೆ ಇಲ್ಲದ ಸಂಘದಲ್ಲಿ ನೌಕರ ಇರಕೂಡದು ಎಂಬುದು ಕೇಂದ್ರದ ನಿಯಮ 4-ಬಿ. ಬಿಡು ಎಂದರು, ಜೋಸೆಫ್ ಬಿಡಲಿಲ್ಲ. ಅದಕ್ಕೊಂದು ಮೆಮೋ ಬಂತು. ಮುಷ್ಕರ ಮುಗಿದ ಮೇಲೆ, ಅದರ ಸಂಬಂಧದ ಪ್ರದರ್ಶನಗಳಲ್ಲಿ ಭಾಗವಹಿಸಿದ್ದಕ್ಕೆ ಇನ್ನೊಂದು. ಬಾಂಬೆ ಹೈಕೋರ್ಟು 4-ಬಿ ನಿಯಮವನ್ನು ತೆಗೆದುಹಾಕಿತು, ಪ್ರದರ್ಶನ ನಿಷೇಧಿಸುವ 4-ಎ ನಿಯಮವನ್ನು ಉಳಿಸಿತು.

ಸುಪ್ರೀಂ ಕೋರ್ಟಿನಲ್ಲಿ ಈ ಮೇಲ್ಮನವಿಯ ತೀರ್ಪು ಬರೆದವರು ಪಿ. ಬಿ. ಗಜೇಂದ್ರಗಡ್ಕರ್. ಹುಟ್ಟಿದ್ದು ಸಾತಾರದಲ್ಲಿ, ಆದರೆ ಹೆಸರಿನಲ್ಲಿರುವ ಊರು ಇಂದಿನ ಗದಗ ಜಿಲ್ಲೆಯ ಗಜೇಂದ್ರಗಡ. ಕಾಲೇಜಿನ ಮೊದಲ ವರ್ಷಗಳು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಕಾರ್ಮಿಕ ಕಾನೂನಿನಲ್ಲಿ ಅವರಷ್ಟು ಬರೆದ ನ್ಯಾಯಮೂರ್ತಿಗಳು ಕಡಿಮೆ. ಬಿಹಾರದ ತೀರ್ಪನ್ನು ಅನುಸರಿಸಿ ಅವರು ಪ್ರದರ್ಶನದ ನಿಷೇಧವನ್ನು ಹೊಡೆದುಹಾಕಿದರು. 4-ಬಿ ಕೂಡ ನಿಲ್ಲುವುದಿಲ್ಲ ಎಂದರು. ಸಂಘಕ್ಕೆ ಮಾನ್ಯತೆ ಕೊಡುವುದೂ ಕಸಿದುಕೊಳ್ಳುವುದೂ ಸರ್ಕಾರದ ಕೈಯಲ್ಲಿ; ಆ ಮಾನ್ಯತೆಗೆ ಸದಸ್ಯತ್ವದ ಹಕ್ಕನ್ನು ಗಂಟುಹಾಕಿದರೆ ಹಕ್ಕೂ ಸರ್ಕಾರದ ಮರ್ಜಿಯಾಯಿತು. ಸಾರ್ವಜನಿಕ ಸುವ್ಯವಸ್ಥೆಗೂ ಇದಕ್ಕೂ ನೇರ ಸಂಬಂಧವೇನು?

ತೀರ್ಪಿನ ದಿನಾಂಕ 1962ರ ಅಕ್ಟೋಬರ್ 30. ಚೀನಾ ಯುದ್ಧ ನಡೆಯುತ್ತಿತ್ತು. ತುರ್ತು ಪರಿಸ್ಥಿತಿ ಘೋಷಣೆಯಾಗಿ ನಾಲ್ಕೇ ದಿನವಾಗಿತ್ತು. ಗಡಿಯಲ್ಲಿ ಸೈನ್ಯ ಹಿಂದೆ ಸರಿಯುತ್ತಿದ್ದಾಗ ಲೆಕ್ಕಪತ್ರ ಕಚೇರಿಯ ನೌಕರನೊಬ್ಬನ ಸಂಘದ ಹಕ್ಕನ್ನು ಎತ್ತಿಹಿಡಿಯುವುದಕ್ಕೆ ಒಂದು ಬಗೆಯ ಗಟ್ಟಿತನ ಬೇಕು.

ಕೇಂದ್ರ ಸರ್ಕಾರ 1964ರಲ್ಲಿ ಹೊಸ ನಡತೆ ನಿಯಮಗಳನ್ನು ಮಾಡಿತು. ಪ್ರದರ್ಶನದ ನಿಯಮ ಈ ಬಾರಿ ಎಚ್ಚರದಿಂದ ಬರೆದದ್ದು: ದೇಶದ ಭದ್ರತೆಗೆ, ಸಾರ್ವಜನಿಕ ಸುವ್ಯವಸ್ಥೆಗೆ, ಸಭ್ಯತೆಗೆ ಧಕ್ಕೆ ತರುವ ಪ್ರದರ್ಶನಗಳಿಗೆ ಮಾತ್ರ ನಿಷೇಧ. ಸಂವಿಧಾನದ ಪಟ್ಟಿಯನ್ನೇ ಹೆಚ್ಚುಕಡಿಮೆ ನಕಲು ಮಾಡಲಾಗಿತ್ತು. ಕಪ್ಪುಪಟ್ಟಿಗೆ ಜಾಗ ಸಿಕ್ಕಿತು.

ಆದರೆ ಅದೇ ನಿಯಮಗಳಲ್ಲಿ ಎರಡು ಸಾಲು ಕೆಳಗೆ ಇನ್ನೊಂದು ಬಾಗಿಲು ಮುಚ್ಚಿಯೇ ಇತ್ತು. ಸರ್ಕಾರದ ಈಗಿನ ಅಥವಾ ಇತ್ತೀಚಿನ ಯಾವುದೇ ನೀತಿಯನ್ನು, ಕ್ರಮವನ್ನು ಟೀಕಿಸುವ ಮಾತನ್ನು ನೌಕರ ಪತ್ರಿಕೆಯಲ್ಲಾಗಲಿ, ಭಾಷಣದಲ್ಲಾಗಲಿ, ಸ್ವಂತ ಹೆಸರಿನಲ್ಲಾಗಲಿ, ಕಾವ್ಯನಾಮದಲ್ಲಾಗಲಿ ಆಡಕೂಡದು. ಸಾಹಿತ್ಯ, ಕಲೆ, ವಿಜ್ಞಾನದ ಬರಹಕ್ಕೆ ವಿನಾಯಿತಿಯಿದೆ. ಹಗಲು ಕಡತ ನೋಡಿ ರಾತ್ರಿ ಕತೆ ಬರೆದ ಎಷ್ಟೋ ಲೇಖಕರು ನಮ್ಮಲ್ಲಿ ಆಗಿಹೋಗಿದ್ದರ ಹಿಂದೆ ಇಂಥ ವಿನಾಯಿತಿಯೂ ಇದೆ. ಕತೆಯಲ್ಲಿ ಬರುವ ಲಂಚಕೋರ ತಹಸೀಲ್ದಾರನಿಗೆ ಅಡ್ಡಿಯಿಲ್ಲ. ಅದೇ ತಹಸೀಲ್ದಾರ ಪತ್ರಿಕೆಯ ಓದುಗರ ಅಂಕಣದಲ್ಲಿ ಬಂದರೆ ಮೆಮೋ. ಕರ್ನಾಟಕ 2021ರಲ್ಲಿ ತಂದ ಹೊಸ ನಡತೆ ನಿಯಮಗಳಲ್ಲೂ ಟೀಕೆಯ ಮೇಲಿನ ಈ ನಿರ್ಬಂಧ ಮುಂದುವರಿದಿದೆ. ಜೊತೆಗೆ ಸಿನಿಮಾ, ಧಾರಾವಾಹಿಗಳಲ್ಲಿ ನಟಿಸಲೂ ಅನುಮತಿ ಬೇಕು ಎಂಬುದು ಆಗ ಹೆಚ್ಚು ಸುದ್ದಿಯಾಯಿತು.

1998ರ ತೀರ್ಪು ಬೆಂಗಳೂರಿನಿಂದ ಹೋದದ್ದು. ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಸಹಾಯಕ ವ್ಯವಸ್ಥಾಪಕರೊಬ್ಬರು ನಿಗಮದಲ್ಲಿ ಅವ್ಯವಹಾರವಿದೆ ಎಂದು ರಾಜ್ಯಪಾಲರಿಗೆ ಪತ್ರ ಬರೆದರು. ಪತ್ರಿಕಾ ಹೇಳಿಕೆಯನ್ನೂ ಕೊಟ್ಟರು. ನಿಗಮದ ಹಿತಕ್ಕೆ, ಪ್ರತಿಷ್ಠೆಗೆ ಧಕ್ಕೆ ತರುವ ಯಾವುದನ್ನೂ ನೌಕರ ಮಾಡಕೂಡದು ಎಂಬ ಸೇವಾ ನಿಯಮದಡಿ ಅವರು ವಜಾ ಆದರು. ಸುಪ್ರೀಂ ಕೋರ್ಟು ವಜಾ ಎತ್ತಿಹಿಡಿಯಿತು. ನ್ಯಾಯಮೂರ್ತಿ ಸುಜಾತಾ ಮನೋಹರ್ ಬರೆದ ತೀರ್ಪಿನ ಪ್ರಕಾರ ಇಂಥ ನಿಯಮದ ಗುರಿ ಮಾತನ್ನು ಅಡಗಿಸುವುದಲ್ಲ, ಸಂಸ್ಥೆ ಸುಸೂತ್ರವಾಗಿ ನಡೆಯುವಂತೆ ನೋಡಿಕೊಳ್ಳುವುದು. ಕೆಲಸಕ್ಕೆ ಸೇರುವವನು ಒಂದು ನಡತೆಯನ್ನೂ ಒಪ್ಪಿಕೊಂಡೇ ಸೇರಿರುತ್ತಾನೆ.

ಸಂಸ್ಥೆಯ ಕಡೆಯಿಂದ ನೋಡಿದರೆ ಇದರಲ್ಲೂ ಹುರುಳಿಲ್ಲದಿಲ್ಲ. ಪ್ರತಿ ಮನಸ್ತಾಪವೂ ಪತ್ರಿಕಾಗೋಷ್ಠಿಯಾದರೆ ಯಾವ ಕಚೇರಿಯೂ ನಡೆಯದು. ಜೊತೆಗೆ ಕೂತು ಕೆಲಸ ಮಾಡುವವರ ಮೇಲೆ ಆಧಾರವಿಲ್ಲದ ಆರೋಪ ಹೊರಿಸುವವರೂ ಇದ್ದಾರೆ. ಆದರೆ 1962ರಲ್ಲಿ ನ್ಯಾಯಾಲಯ ಕೇಳಿದ ಪ್ರಶ್ನೆ ಇಲ್ಲಿ ಸದ್ದಿಲ್ಲದೆ ಬದಲಾಗಿದೆ. ಆಗ ಕೇಳಿದ್ದು ಈ ಮಾತಿನಿಂದ ಯಾವ ನಿರ್ದಿಷ್ಟ ಹಾನಿ ಆಗುತ್ತದೆ ಎಂದು. ಈಗಿನ ಅಳತೆಗೋಲು 'ಪ್ರತಿಷ್ಠೆ'. ಪ್ರತಿಷ್ಠೆಗೆ ಧಕ್ಕೆ ತರುವುದರಲ್ಲಿ ಸುಳ್ಳಿಗಿಂತ ನಿಜವೇ ಹೆಚ್ಚು ಸಮರ್ಥ. ಜಂತೆಗೆ ಗೆದ್ದಲು ಹಿಡಿದಿದೆ ಎಂದು ಹೇಳಿದವನಿಂದ ಮನೆಯ ಮರ್ಯಾದೆ ಹೋಯಿತೇ, ಗೆದ್ದಲಿನಿಂದ ಹೋಯಿತೇ ಎಂದು ಕೇಳದೆ ಈ ಪದವನ್ನು ತೂಗುವುದು ಕಷ್ಟ. ಆರೋಪ ನಿಜವೋ ಸುಳ್ಳೋ ಎಂಬುದೇ ಮೊದಲು ತಿಳಿಯಬೇಕಾದ್ದು ಎಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಅಗಲವಾದ ನಿಯಮಕ್ಕೆ ಅದರ ಅಗತ್ಯವಿಲ್ಲ.

ಒಳಗಿನ ದಾರಿಯಲ್ಲೇ ಹೋದವರಿಗೆ ಏನಾಯಿತು ಎಂಬುದಕ್ಕೆ ಸತ್ಯೇಂದ್ರ ದುಬೆ ಇದ್ದಾರೆ. ಕಾನ್ಪುರ ಐಐಟಿಯಲ್ಲಿ ಓದಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಸೇರಿದ ಎಂಜಿನಿಯರ್. ಸುವರ್ಣ ಚತುಷ್ಪಥ ಯೋಜನೆಯ ಕೋಡರ್ಮಾ ಭಾಗದಲ್ಲಿದ್ದಾಗ ಗುತ್ತಿಗೆಯಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ವಿವರಿಸಿ 2002ರ ನವೆಂಬರಿನಲ್ಲಿ ನೇರವಾಗಿ ಪ್ರಧಾನ ಮಂತ್ರಿಗೆ ಪತ್ರ ಬರೆದರು. ಹೆಸರಿಲ್ಲದ ಪತ್ರವನ್ನು ಯಾರೂ ಗಂಭೀರವಾಗಿ ಓದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೆಸರು ಹೇಳಿದರೆ ಏನಾಗಬಹುದು ಎಂಬುದೂ ಗೊತ್ತಿತ್ತು. ಹಾಗಾಗಿ ತಮ್ಮ ವಿವರಗಳನ್ನು ಬೇರೆ ಹಾಳೆಯಲ್ಲಿ ಬರೆದು, ಗುಟ್ಟಾಗಿಡಿ ಎಂದು ಕೋರಿದರು. ಒಬ್ಬ ಸರ್ಕಾರಿ ನೌಕರ ಯೋಚಿಸಬಹುದಾದ ಎಲ್ಲ ಎಚ್ಚರಿಕೆಯೂ ಅದರಲ್ಲಿತ್ತು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸುತ್ತಿತು. ಮೇಲಿನವರನ್ನು ದಾಟಿ ಬರೆದದ್ದು ಆಕ್ಷೇಪಕ್ಕೂ ಗುರಿಯಾಯಿತು.

2003ರ ನವೆಂಬರ್ 27ರ ನಸುಕಿನಲ್ಲಿ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ದರೋಡೆಗಾಗಿ ನಡೆದ ಕೊಲೆ ಎಂದಿತು ಸಿಬಿಐ. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಕುಟುಂಬದವರೂ ಬಹಳ ಜನರೂ ಅದನ್ನು ನಂಬಲಿಲ್ಲ. ಕೊಲೆಯ ಕಾರಣ ಏನೇ ಇರಲಿ, ಅದಕ್ಕೂ ಮುಂಚೆ ನಡೆದದ್ದರ ಬಗ್ಗೆ ಅನುಮಾನವಿಲ್ಲ: ಬೇರೆಯವರ ಗುಟ್ಟು ಕಾಯಬೇಕು ಎಂದು ನೌಕರನಿಗೆ ಪಾಠ ಹೇಳುವ ವ್ಯವಸ್ಥೆ ನೌಕರನ ಒಂದು ಹಾಳೆಯ ಗುಟ್ಟು ಕಾಯಲಿಲ್ಲ.

ಈ ಕೊಲೆ ಎಬ್ಬಿಸಿದ ಕೋಲಾಹಲದಿಂದಾಗಿ 2004ರಲ್ಲಿ ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡುವ ಹೊಣೆ ಕೇಂದ್ರ ಜಾಗೃತ ಆಯೋಗಕ್ಕೆ ಬಂತು. ಪೂರ್ಣ ಪ್ರಮಾಣದ ಕಾಯ್ದೆಗೆ ಇನ್ನೂ ಹತ್ತು ವರ್ಷ ಹಿಡಿಯಿತು. ವಿಷಲ್ ಬ್ಲೋಯರ್ಸ್ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2014ರ ಮೇ ತಿಂಗಳಲ್ಲಿ. ಜಾರಿಯ ದಿನಾಂಕವನ್ನು ಕೇಂದ್ರ ಸರ್ಕಾರ ಆಮೇಲೆ ಪ್ರಕಟಿಸಬೇಕು ಎಂದು ಅದರ ಮೊದಲ ಪುಟದಲ್ಲೇ ಇದೆ. ಆ ಪ್ರಕಟಣೆ ಬಂದಿಲ್ಲ. 2015ರಲ್ಲಿ, ಇನ್ನೂ ಜಾರಿಯಾಗದ ಕಾಯ್ದೆಯನ್ನು ದುರ್ಬಲಗೊಳಿಸಲು ತಿದ್ದುಪಡಿ ಮಸೂದೆಯೊಂದು ಮಾತ್ರ ಬಂತು.

ಇಷ್ಟೂ ಸರ್ಕಾರಿ ನೌಕರರ ಕತೆ. ಬೆಂಗಳೂರು, ಪುಣೆ, ಹೈದರಾಬಾದುಗಳ ಗಾಜಿನ ಕಟ್ಟಡಗಳಲ್ಲಿ ದುಡಿಯುವವರಿಗೆ 19ನೇ ವಿಧಿ ಸುಲಭವಾಗಿ ನೆರವಿಗೆ ಬರುವುದಿಲ್ಲ. ಅದು ಮುಖ್ಯವಾಗಿ ಸರ್ಕಾರದ ಎದುರು ಇರುವ ಹಕ್ಕು. ಅಲ್ಲಿ 2025ರವರೆಗೆ ಆಸರೆಯಾಗಿದ್ದದ್ದು 1946ರ ಸ್ಥಾಯಿ ಆದೇಶಗಳ ಕಾಯ್ದೆಯಂಥವು: ಯಾವುದು ದುರ್ನಡತೆ ಎಂದು ಮೊದಲೇ ಬರೆದಿಡಬೇಕಿತ್ತು, ಆಮೇಲೆ ಹೊಸದಾಗಿ ಹುಟ್ಟಿಸುವಂತಿರಲಿಲ್ಲ. ಗ್ಲ್ಯಾಕ್ಸೋ ಕಂಪನಿಯ ಕಾರ್ಮಿಕರ ಪ್ರಕರಣದಲ್ಲಿ, ಕಾರ್ಖಾನೆಯ ಆವರಣ ಮತ್ತು ಅದರ ಆಸುಪಾಸು ಎಂದು ನಿಯಮ ಹೇಳುತ್ತಿದ್ದರೆ ಮಾಲೀಕ ಊರಿನ ಬೇರೆ ಮೂಲೆಯಲ್ಲಿ ನಡೆದದ್ದಕ್ಕೆಲ್ಲ ಶಿಕ್ಷೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1983ರಲ್ಲಿ ಹೇಳಿತು. ಗೇಟಿನ ಹೊರಗೆ ನೌಕರ ಪೌರ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಈ ಸ್ಥಾಯಿ ಆದೇಶಗಳಿಂದ ವರ್ಷಗಟ್ಟಲೆ ವಿನಾಯಿತಿ ಕೊಡುತ್ತ ಬಂದಿತ್ತು.

ಮಾತಿನ ವಿಷಯ ಬೇರೆ, ಮಾತಿನ ಧಾಟಿ ಬೇರೆ ಎಂಬುದರಲ್ಲೂ ನ್ಯಾಯಾಲಯಗಳು ಒಂದೇ ಕಡೆ ನಿಂತಿಲ್ಲ. ಮೇಲಿನವನ ಮೇಲೆ ಒಮ್ಮೆ ಒರಟಾಗಿ ಬಾಯಿ ಮಾಡಿದ್ದಕ್ಕೆ ವಜಾ ಆದ ಕಾರ್ಮಿಕನೊಬ್ಬನ ವಿಷಯದಲ್ಲಿ 1982ರ ತೀರ್ಪು, ಇದು ತಪ್ಪಿಗೆ ಮೀರಿದ ಶಿಕ್ಷೆ ಎಂದು ವೇತನ ಬಡ್ತಿ ತಡೆಹಿಡಿಯುವಷ್ಟಕ್ಕೆ ಇಳಿಸಿತು. 2005ರಲ್ಲಿ ಮಹೀಂದ್ರಾ ಕಾರ್ಖಾನೆಯ ಪ್ರಕರಣದಲ್ಲಿ ಅವಾಚ್ಯ ಬೈಗುಳಕ್ಕೆ ವಜಾ ಅತಿಯಲ್ಲ ಎಂದಿತು ಅದೇ ನ್ಯಾಯಾಲಯ. ಕಾಲು ಶತಮಾನದಲ್ಲಿ ಬೈಗುಳ ಹರಿತವಾಗಿರಲಿಕ್ಕಿಲ್ಲ. ಕಾರ್ಮಿಕನ ಬೆಲೆ ಇಳಿದಿತ್ತು. ಮುಷ್ಕರದ ಬಗ್ಗೆಯೂ ಹೀಗೇ. 2003ರಲ್ಲಿ ತಮಿಳುನಾಡು ಸರ್ಕಾರ ಸುಮಾರು 2 ಲಕ್ಷ ನೌಕರರನ್ನು ಒಮ್ಮೆಗೇ ವಜಾ ಮಾಡಿದಾಗ ಸುಪ್ರೀಂ ಕೋರ್ಟು, ಮುಷ್ಕರಕ್ಕೆ ಮೂಲಭೂತ ಹಕ್ಕಷ್ಟೇ ಅಲ್ಲ, ನೈತಿಕ ಹಕ್ಕೂ ಇಲ್ಲ ಎನ್ನುವವರೆಗೆ ಹೋಯಿತು. 1962ರ ನ್ಯಾಯಮೂರ್ತಿಗಳು ನೀತಿಪಾಠಕ್ಕೆ ಕೈಹಾಕಿರಲಿಲ್ಲ.

ಈ ನಡುವೆ ಬ್ಯಾಡ್ಜು ತೋಳಿನಿಂದ ಫೋನಿಗೆ ಹೋಗಿದೆ. 2017ರ ಡಿಸೆಂಬರ್ 31ರಂದು ತ್ರಿಪುರಾದ ಮೀನುಗಾರಿಕಾ ಇಲಾಖೆಯ ಒಬ್ಬ ಮಹಿಳಾ ನೌಕರರು ಒಂದು ರಾಜಕೀಯ ಪಕ್ಷದ ಸಭೆಗೆ ಹೋಗಿದ್ದರು. ಫೇಸ್‌ಬುಕ್ಕಿನಲ್ಲಿ ರಾಜಕೀಯದ ಬಗ್ಗೆ ತಮ್ಮ ಅನಿಸಿಕೆ ಬರೆದರು ಎಂಬುದು ಇನ್ನೊಂದು ಆರೋಪ. ಅವರನ್ನು ಅಮಾನತು ಮಾಡಿದ್ದು 2018ರ ಏಪ್ರಿಲ್ ಕೊನೆಯ ವಾರದಲ್ಲಿ. ಆ ತಿಂಗಳ ಕೊನೆಗೆ ಅವರು ನಿವೃತ್ತರಾಗುವವರಿದ್ದರು. ವಿಚಾರಣೆ ಬಾಕಿಯಿದೆ ಎಂದು ನಿವೃತ್ತಿಯ ಹಣ ನಿಂತಿತು.

2020ರ ಜನವರಿಯಲ್ಲಿ ತ್ರಿಪುರಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಕೀಲ್ ಕುರೇಶಿ ವಿಷಯವನ್ನು ಹೆಚ್ಚು ಬೆಳೆಸಲಿಲ್ಲ. ಸಭೆಗೆ ಹೋಗುವುದಕ್ಕೂ ಸಭೆಯಲ್ಲಿ ಭಾಗವಹಿಸುವುದಕ್ಕೂ ವ್ಯತ್ಯಾಸವಿದೆ. ಚುನಾವಣೆ ಹತ್ತಿರ ಬಂದಾಗ ಭಾಷಣ ಕೇಳಲು ಎಲ್ಲ ಬಗೆಯ ಜನರೂ ಹೋಗುತ್ತಾರೆ. ಸರ್ಕಾರಿ ನೌಕರಳಾದ ಮಾತ್ರಕ್ಕೆ ಆಕೆ ಮಾತಿನ ಹಕ್ಕು ಕಳೆದುಕೊಂಡಿಲ್ಲ. ಹಕ್ಕಿಗೆ ಮಿತಿ ಹಾಕಬೇಕಾದರೆ ಅದು ಸಿಂಧುವಾದ ಕಾನೂನಿನಿಂದ ಬರಬೇಕು. ಇಲಾಖಾ ವಿಚಾರಣೆ ರದ್ದಾಯಿತು, ಅಮಾನತು ರದ್ದಾಯಿತು, ತಡೆಹಿಡಿದ ಹಣ ಕೊಡಬೇಕೆಂದು ಆದೇಶವಾಯಿತು. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿ ಇಪ್ಪತ್ತು ತಿಂಗಳು ಕಳೆದಿದ್ದವು.